ಐದನೆಯವನು ಕಾವಲುಗಾರ

ನನ್ನ ಮೊದಲ ಮ್ಯಾಚ್‌ನ ಸ್ಕೋರ್ ಇವತ್ತಿಗೂ ನಮ್ಮ ರೂಮಿನ ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆದಿದೆ. 0-17. ಅಂದರೆ ಎದುರಾಳಿಗಳಲ್ಲಿ ಒಬ್ಬನನ್ನೂ ನಾನು ಹೊಡೆಯಲಿಲ್ಲ, ಹದಿನೇಳು ಸಲ ಸತ್ತೆ. ಬರೆದವನು ಗದಗ. ನಮ್ಮ ಹಾಸ್ಟೆಲಿನಲ್ಲಿ ಹೆಸರಿಗಿಂತ ಊರಿನ ಹೆಸರೇ ಹೆಚ್ಚು ಓಡುತ್ತದೆ. ಗದಗ, ಶಿರಸಿ, ಕೋಲಾರ, ಬಳ್ಳಾರಿ. ನಾನು ಆಲೂರು.

ಈ ನಾಲ್ವರೂ ಮೊದಲ ವರ್ಷದಿಂದ ಡೋಟಾ 2 ಆಡುತ್ತಿದ್ದರು. ಅವರ ಜೊತೆಗಿದ್ದ ಐದನೆಯವನು ಮೂರನೇ ಸೆಮಿಸ್ಟರ್‌ಗೆ ಪಿ.ಜಿ.ಗೆ ಹೋದ. ಐದು ಜನರ ಆಟಕ್ಕೆ ನಾಲ್ಕೇ ಜನ ಉಳಿದರು. ನನ್ನ ಹತ್ತಿರ ಇದ್ದದ್ದು ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಮತ್ತು ಬೇಡ ಎನ್ನಲು ಬಾರದ ಸ್ವಭಾವ. ಅಷ್ಟು ಸಾಕಾಯಿತು. ಆಟಕ್ಕೆ ದುಡ್ಡು ಕೊಡಬೇಕಿಲ್ಲ, ಆದರೆ ಡಿಸ್ಕ್‌ನಲ್ಲಿ 60 ಜಿಬಿ ಜಾಗ ಬೇಕು. ನಾನು ಡಿಪ್ಲೊಮಾದ ಗೆಳೆಯರ ಜೊತೆ ಹೋದ ಟ್ರಿಪ್‌ನ ವಿಡಿಯೊಗಳನ್ನೆಲ್ಲ ಪೆನ್‌ಡ್ರೈವ್‌ಗೆ ಸಾಗಿಸಿ ಜಾಗ ಮಾಡಿಕೊಂಡೆ. ಹಾಸ್ಟೆಲ್ ವೈಫೈನಲ್ಲಿ ಡೌನ್‌ಲೋಡ್ ಆಗಲು ಮೂರು ರಾತ್ರಿ ಹಿಡಿಯಿತು.

ಗೊತ್ತಿಲ್ಲದವರಿಗೆ ಆಟವನ್ನು ಹೀಗೆ ಹೇಳಬಹುದು. ಚೌಕಾಕಾರದ ಒಂದು ನೆಲ. ಎರಡು ಎದುರುಬದುರು ಮೂಲೆಗಳಲ್ಲಿ ಎರಡು ಕೋಟೆಗಳು, ರೇಡಿಯಂಟ್ ಮತ್ತು ಡೈರ್. ನಡುವೆ ಓರೆಯಾಗಿ ಹರಿಯುವ ನದಿ. ಎರಡೂ ಕೋಟೆಗಳನ್ನು ಸೇರಿಸುವ ಮೂರು ದಾರಿ, ಮಿಕ್ಕಿದ್ದು ಕಾಡು. ಪ್ರತಿ 30 ಸೆಕೆಂಡಿಗೆ ಎರಡೂ ಕಡೆಯಿಂದ ಸಣ್ಣ ಸೈನಿಕರು ಹೊರಟು ದಾರಿಯಲ್ಲಿ ಗುದ್ದಾಡುತ್ತಾರೆ. ಅವರ ನಡುವೆ ನಾವು ಐವರು, ಅವರು ಐವರು, ಒಬ್ಬೊಬ್ಬರಿಗೆ ಒಂದೊಂದು ಹೀರೋ. ದಾರಿಯಲ್ಲಿನ ಗೋಪುರಗಳನ್ನು ಒಂದೊಂದಾಗಿ ಉರುಳಿಸಿ, ಎದುರಿನ ಕೋಟೆಯೊಳಗಿನ ಏನ್ಷಿಯಂಟ್ ಎಂಬ ಕಟ್ಟಡವನ್ನು ಕೆಡವಿದವರು ಗೆದ್ದಂತೆ. ಎಷ್ಟು ಜನರನ್ನು ಕೊಂದಿರಿ ಎಂಬುದಕ್ಕೆ ಕೊನೆಗೆ ಲೆಕ್ಕವೇ ಇಲ್ಲ. ಇದು ನನಗೆ ಅರ್ಥವಾಗಲು ಒಂದು ತಿಂಗಳು ಬೇಕಾಯಿತು.

ವಾರ್‌ಕ್ರಾಫ್ಟ್ 3 ಎಂಬ ಹಳೆಯ ಆಟದೊಳಗೆ ಆಟಗಾರರೇ ಹವ್ಯಾಸಕ್ಕೆ ಕಟ್ಟಿಕೊಂಡಿದ್ದ ಮ್ಯಾಪ್ ಇದರ ಮೂಲ. ವಾಲ್ವ್ ಕಂಪನಿ 2013ರಲ್ಲಿ ಅದನ್ನು ಪೂರ್ಣ ಪ್ರಮಾಣದ ಆಟವಾಗಿ ಬಿಡುಗಡೆ ಮಾಡಿತು. ಈಗ 120ಕ್ಕೂ ಹೆಚ್ಚು ಹೀರೋಗಳಿದ್ದಾರೆ, ಪ್ರತಿಯೊಬ್ಬರಿಗೂ ಕನಿಷ್ಠ ನಾಲ್ಕು ವಿದ್ಯೆ. ಅಂಗಡಿಯಲ್ಲಿ ಕೊಳ್ಳುವ ಸಾಮಾನುಗಳ ಪಟ್ಟಿ ನಮ್ಮ ಸಿಲಬಸ್‌ಗಿಂತ ಉದ್ದ. ನಾನು ಒಳ್ಳೆಯ ವಿದ್ಯಾರ್ಥಿಯ ಹಾಗೆ ಒಂದು ವಾರ ಯೂಟ್ಯೂಬ್ ನೋಡಿ ನೋಟ್ಸ್ ಮಾಡಿಕೊಂಡೆ. ಆಮೇಲೆ ಆಡಿದ ಮ್ಯಾಚೇ ಗೋಡೆ ಮೇಲಿರುವುದು.

ಹೊಸಬರು ಮಾಡುವ ಮೊದಲ ತಪ್ಪು ಇದೇ. ಎಲ್ಲವನ್ನೂ ತಿಳಿದುಕೊಂಡೇ ಇಳಿಯಬೇಕು ಅಂದುಕೊಳ್ಳುವುದು. ನನ್ನನ್ನು ಅದರಿಂದ ಬಿಡಿಸಿದವನು ಶಿರಸಿ. ಅವನು ಮಾತು ಕಡಿಮೆ, ಕವಳ ಹೆಚ್ಚು. ನನ್ನ ನೋಟ್‌ಬುಕ್ ಮುಚ್ಚಿಟ್ಟು, "ಮೂರು ಹೀರೋ ಸಾಕು ಮಾರಾಯ. ಒಂದು ತಿಂಗಳು ಬೇರೆ ಮುಟ್ಟಬೇಡ" ಅಂದ. ರೈತ್ ಕಿಂಗ್, ಲಿಚ್, ಕ್ರಿಸ್ಟಲ್ ಮೇಡನ್. ಮೂವರದ್ದೂ ಕೈಚಳಕ ಹೆಚ್ಚು ಬೇಡದ ವಿದ್ಯೆಗಳು. ರೈತ್ ಕಿಂಗ್ ಸತ್ತರೆ ಬಿದ್ದಲ್ಲೇ ಮತ್ತೆ ಎದ್ದು ನಿಲ್ಲುತ್ತಾನೆ. ನನ್ನಂಥವನಿಗೆ ಹೇಳಿ ಮಾಡಿಸಿದವನು.

ಮನುಷ್ಯರ ಜೊತೆ ಆಡುವ ಮೊದಲು ಕಂಪ್ಯೂಟರ್ ಆಡಿಸುವ ಬಾಟ್‌ಗಳ ವಿರುದ್ಧ ಹತ್ತಿಪ್ಪತ್ತು ಮ್ಯಾಚ್ ಆಡಿ. ಬಾಟ್‌ಗಳು ಬೈಯುವುದಿಲ್ಲ, ಅದೇ ಅವುಗಳ ದೊಡ್ಡ ಗುಣ. ಅಲ್ಲಿ ಕಲಿಯಬೇಕಾದದ್ದು ಕೊನೆಯ ಏಟು. ಎದುರಿನ ಸಣ್ಣ ಸೈನಿಕನಿಗೆ ಯಾರು ಎಷ್ಟೇ ಹೊಡೆದಿರಲಿ, ಕೊನೆಯ ಏಟು ಹಾಕಿದವನಿಗೆ ಮಾತ್ರ ಚಿನ್ನ ಸಿಗುತ್ತದೆ. ಸುಮ್ಮನೆ ಹೊಡೆಯುತ್ತಾ ಇದ್ದರೆ ಆಗುವುದಿಲ್ಲ, ಅದರ ಪ್ರಾಣ ಎಳೆಯಷ್ಟು ಉಳಿಯುವವರೆಗೆ ಕೈ ತಡೆದು ನಿಲ್ಲಬೇಕು. ಹೊಡೆಯುವುದಕ್ಕಿಂತ ತಡೆಯುವುದು ಕಷ್ಟ. ನಾನು ದಿನಾ ಸಂಜೆ ಹತ್ತು ನಿಮಿಷ ಬರೀ ಇದನ್ನೇ ಅಭ್ಯಾಸ ಮಾಡಿ ಎಷ್ಟಾಯಿತು ಎಂದು ಎಣಿಸುತ್ತಿದ್ದೆ. ಮೊದಲ ದಿನ 11. ಒಂದು ತಿಂಗಳಿಗೆ 38.

ಎರಡನೆಯದು, ಸಾಯದೆ ಇರುವುದು. ಇದು ತಮಾಷೆಯ ಮಾತಲ್ಲ. ಸತ್ತರೆ ನಿಮ್ಮ ಚಿನ್ನ ಕಡಿಮೆಯಾಗುತ್ತದೆ, ಕೊಂದವನ ಚಿನ್ನ ಹೆಚ್ಚಾಗುತ್ತದೆ, ಮತ್ತೆ ಹುಟ್ಟುವವರೆಗೆ ನಿಮ್ಮ ತಂಡ ನಾಲ್ಕೇ ಜನರಲ್ಲಿ ಆಡಬೇಕು. ಊರಿಗೆ ಹೋಗುವವರು ಬಸ್ ಚಾರ್ಜ್ ಇಟ್ಟುಕೊಂಡಂತೆ, ಕೋಟೆಗೆ ವಾಪಸ್ ಹೋಗುವ ಟೌನ್ ಪೋರ್ಟಲ್ ಸ್ಕ್ರಾಲ್ ಒಂದನ್ನು ಯಾವಾಗಲೂ ಜೇಬಿನಲ್ಲಿ ಇಟ್ಟುಕೊಳ್ಳಿ. ಮತ್ತೆ, ಪರದೆಯ ಮೂಲೆಯಲ್ಲಿರುವ ಪುಟ್ಟ ನಕ್ಷೆಯನ್ನು ಉಸಿರಾಡುವಷ್ಟು ಸಲ ನೋಡಿ. ಎದುರಿನ ಐವರಲ್ಲಿ ಮೂವರು ನಕ್ಷೆಯಲ್ಲಿ ಕಾಣುತ್ತಿಲ್ಲ ಎಂದರೆ ಅವರು ನಿಮ್ಮ ಹತ್ತಿರವೇ ಬರುತ್ತಿದ್ದಾರೆ ಅಂದುಕೊಳ್ಳಿ. ಹತ್ತರಲ್ಲಿ ಏಳು ಸಲ ಅದು ನಿಜವಾಗಿರುತ್ತದೆ. (ಇದು ನನ್ನ ಅಂದಾಜು, ಯಾರೂ ಅಳೆದದ್ದಲ್ಲ.)

ಬೈಗುಳದ ವಿಷಯವನ್ನು ಮುಚ್ಚಿಡುವುದು ತಪ್ಪು. ಐವರೂ ಗೆಳೆಯರೇ ಇಲ್ಲದಾಗ ತಂಡಕ್ಕೆ ಅಪರಿಚಿತರು ಬಂದು ಸೇರುತ್ತಾರೆ. ಹಿಂದಿ, ಇಂಗ್ಲಿಷ್, ಇನ್ನೂ ಗುರುತಿಸಲಾಗದ ಭಾಷೆಗಳಲ್ಲಿ ಅಮ್ಮ, ಅಕ್ಕ ಎಲ್ಲರೂ ಬಂದುಹೋಗುತ್ತಾರೆ. ಪ್ರತಿ ಆಟಗಾರನ ಹೆಸರಿನ ಮುಂದೆ ಮ್ಯೂಟ್ ಬಟನ್ ಇದೆ. ಮೊದಲ ಬೈಗುಳಕ್ಕೇ ಒತ್ತಿಬಿಡಿ, ಎರಡನೆಯದಕ್ಕೆ ಕಾಯಬೇಡಿ. ನಾನು ಒಂದು ರಾತ್ರಿ ತಿರುಗಿ ಬೈಯಲು ಕೂತೆ. ಟೈಪ್ ಮಾಡುತ್ತಿದ್ದಾಗಲೇ ನನ್ನ ಹೀರೋವನ್ನು ಕೊಂದರು.

ಅಪರಿಚಿತರದ್ದಕ್ಕಿಂತ ನನಗೆ ನಾಟಿದ್ದು ಗದಗನ ಮಾತು. ಸತತ ಐದು ಮ್ಯಾಚ್ ಸೋತ ದಿನ, "ಇವನ ಬದಲಿ ಬಾಟ್ ಹಾಕಿದ್ರ ಛಲೋ ಆಡ್ತಿತ್ತ್ ನೋಡ್ರಿಲೇ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ. ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ ಬಂದವನು ನಾನು, ಕ್ಲಾಸಿನಲ್ಲಿ ಇಂಗ್ಲಿಷ್‌ನಲ್ಲಿ ಬಾಯಿಬಿಡಲು ಹೆದರುತ್ತಿದ್ದವನು. ಈ ನಾಲ್ಕು ಜನ ಬಿಟ್ಟರೆ ಕಾಲೇಜಿನಲ್ಲಿ ನನಗೆ ಯಾರೂ ಇರಲಿಲ್ಲ. ತಂಡದಿಂದ ತೆಗೆದರೆ ಊಟಕ್ಕೂ ಒಬ್ಬನೇ ಹೋಗಬೇಕಲ್ಲ ಎಂಬುದೇ ತಲೆಯಲ್ಲಿತ್ತು.

ಎಷ್ಟೋ ದಿನಗಳ ಮೇಲೆ ಒಂದು ಸಂಗತಿ ಓದಿದೆ. ಓಪನ್‌ಎಐ ಸಂಸ್ಥೆ ಈ ಆಟಕ್ಕೆಂದೇ ಬಾಟ್‌ಗಳ ತಂಡವೊಂದನ್ನು ತಯಾರು ಮಾಡಿತ್ತು. 2018ರಲ್ಲಿ ಅವು ತಮ್ಮ ವಿರುದ್ಧ ತಾವೇ ಆಡುತ್ತಾ ದಿನವೊಂದಕ್ಕೆ 180 ವರ್ಷಗಳಷ್ಟು ಆಟ ಮುಗಿಸುತ್ತಿದ್ದವು. 2019ರ ಏಪ್ರಿಲ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಓಜಿ ತಂಡವನ್ನು 2-0ಯಿಂದ ಸೋಲಿಸಿದವು. ಹೀರೋಗಳ ಆಯ್ಕೆ ಹದಿನೇಳಕ್ಕೆ ಸೀಮಿತವಾಗಿತ್ತು ಎಂಬುದು ನಿಜ, ಆದರೂ ಗೆಲುವು ಗೆಲುವೇ. ಇದನ್ನು ಗದಗನಿಗೆ ತೋರಿಸಿ, "ನನ್ನನ್ನು ಬಾಟ್‌ಗೆ ಹೋಲಿಸಿದ್ದೀಯಲ್ಲ, ಥ್ಯಾಂಕ್ಸ್" ಅಂದೆ. ಅವನಿಗೆ ಆ ಮಾತು ಆಡಿದ್ದೇ ನೆನಪಿರಲಿಲ್ಲ.

ಆದರೆ ಅಷ್ಟರಲ್ಲಿ ಇನ್ನೊಂದು ನಡೆದುಹೋಗಿತ್ತು.

ತಂಡದಲ್ಲಿ ಉಳಿಯಬೇಕು ಎಂಬ ಹಟಕ್ಕೆ ನಾನು ದಿನಾ ಆಡತೊಡಗಿದ್ದೆ. ಒಂದು ಮ್ಯಾಚ್ ಎಂದರೆ ಸಾಮಾನ್ಯವಾಗಿ 35ರಿಂದ 45 ನಿಮಿಷ. ನಡುವೆ ಎದ್ದು ಹೋಗುವಂತಿಲ್ಲ. ಪಾಸ್ ಬಟನ್ ಇದೆ, ಆದರೆ ಎದುರಿನವರು ಅದನ್ನು ತೆಗೆದು ಆಟ ಮುಂದುವರಿಸಬಹುದು. ಐದು ನಿಮಿಷಕ್ಕಿಂತ ಹೆಚ್ಚು ಹೊರಗಿದ್ದರೆ ಬಿಟ್ಟುಹೋದ ಹಾಗೆ. ಅಂಥವರನ್ನು ಆಟ ಬೇರೆ ಸಾಲಿಗೆ ತಳ್ಳುತ್ತದೆ, ಅಲ್ಲಿ ಬರುವವರೆಲ್ಲ ಅಂಥವರೇ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಉಳಿದರೂ ವೈಫೈ ಉಳಿಯುವುದಿಲ್ಲ. ಅದಕ್ಕೇ ನಾವೆಲ್ಲ ಮೊಬೈಲ್ ಹಾಟ್‌ಸ್ಪಾಟ್ ರೆಡಿ ಇಟ್ಟುಕೊಂಡು, ಫೋನ್ ಸೈಲೆಂಟ್ ಮಾಡಿ ಕೂರುತ್ತಿದ್ದೆವು.

ಅಕ್ಟೋಬರ್‌ನ ಒಂದು ಶನಿವಾರ ಸಂಜೆ. ಅಪರೂಪಕ್ಕೆ ಗೆಲ್ಲುವ ಹಾಗಿದ್ದ ಮ್ಯಾಚ್. ಮುಗಿಸಿ ಫೋನ್ ನೋಡಿದರೆ ಅಪ್ಪನ ಒಂಬತ್ತು ಮಿಸ್ಡ್ ಕಾಲ್. ಟಿಲ್ಲರ್‌ನ ಬಿಡಿಭಾಗಕ್ಕೆಂದು ಮೂರು ಗಂಟೆ ಪ್ರಯಾಣ ಮಾಡಿ ಈ ಊರಿಗೆ ಬಂದಿದ್ದವರು, ಹೇಳದೆ ಕೇಳದೆ ಹಾಸ್ಟೆಲ್‌ಗೆ ಬಂದಿದ್ದರು. ಹುಡುಗ ಕೆಳಗೆ ಬಾರದೆ ಯಾರನ್ನೂ ಒಳಗೆ ಬಿಡುವಂತಿಲ್ಲ ಎಂದು ಸೆಕ್ಯುರಿಟಿಯವರು ಗೇಟಿನಲ್ಲೇ ನಿಲ್ಲಿಸಿದ್ದರು. ನಾನು ಓಡಿ ಇಳಿದಾಗ ಅಪ್ಪ ಕಾಂಪೌಂಡಿನ ಕಟ್ಟೆ ಮೇಲೆ ಕೂತಿದ್ದರು. ಪಕ್ಕದಲ್ಲಿ ಬಿಡಿಭಾಗದ ರಟ್ಟಿನ ಡಬ್ಬ, ತೊಡೆ ಮೇಲೆ ಅಮ್ಮ ಕಟ್ಟಿಕೊಟ್ಟ ಅಕ್ಕಿರೊಟ್ಟಿಯ ಗಂಟು.

"ಕ್ಲಾಸ್ ಇತ್ತಪ್ಪ" ಅಂದೆ.

ಶನಿವಾರ ಸಂಜೆ ಏಳೂವರೆಗೆ. ಅದೂ ಬರ್ಮುಡಾ ಹಾಕಿಕೊಂಡು.

ಅಪ್ಪ "ಹ್ಞೂಂ" ಅಂದರು. ಗಂಟು ಕೊಟ್ಟರು. ಓದು ಹೇಗಿದೆ, ಊಟ ಹೇಗಿದೆ ಎಂದು ಕೇಳಿ ಆಟೊ ಹತ್ತಿದರು. ಅವರು ಹಿಡಿಯಬೇಕಿದ್ದ ಬಸ್ ಆ ಮುಕ್ಕಾಲು ಗಂಟೆಯಲ್ಲಿ ಹೊರಟುಹೋಗಿತ್ತು ಎಂದು ಮಾರನೇ ದಿನ ಅಮ್ಮ ಫೋನಿನಲ್ಲಿ ಹೇಳಿದಳು. ಮುಂದಿನ ಬಸ್ಸಿಗೆ ಹಾಸನ ತಲುಪಿ, ಅಲ್ಲಿಂದ ಊರಿಗೆ ಬಸ್ಸಿಲ್ಲದೆ, ಬೆಳಗಿನವರೆಗೂ ಬಸ್ ಸ್ಟ್ಯಾಂಡಿನಲ್ಲೇ ಕೂತಿದ್ದರಂತೆ. ಆ ವಾರವೇ ಮ್ಯಾಥ್ಸ್ ಇಂಟರ್ನಲ್ಸ್ ಪೇಪರ್ ಕೊಟ್ಟರು. ಫೇಲ್. ನಾನು ಲ್ಯಾಪ್‌ಟಾಪ್‌ನಿಂದ ಆಟವನ್ನೇ ಅಳಿಸಿಹಾಕಿದೆ. ನಾಲ್ವರಿಗೆ "ಪರೀಕ್ಷೆ ಇದೆ" ಅಂದೆ. ಅದೂ ಅರ್ಧ ಸುಳ್ಳೇ.

ದೀಪಾವಳಿಗೆ ಊರಿಗೆ ಹೋದೆ. ನಮ್ಮ ಕಡೆ ಆ ಹೊತ್ತಿಗೆ ಭತ್ತ ತೆನೆಗಟ್ಟಿರುತ್ತದೆ, ಆನೆಗಳು ಬರುತ್ತವೆ. ಆಲೂರು, ಸಕಲೇಶಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ರಾತ್ರಿಯಲ್ಲಿ ಒಂದು ವರ್ಷದ ಅನ್ನ ತುಳಿದುಹೋಗುತ್ತದೆ. ಅಕ್ಕಪಕ್ಕದ ಗದ್ದೆಯವರೆಲ್ಲ ಸರದಿಯಲ್ಲಿ ಕಾವಲು ಕಾಯುತ್ತಾರೆ. ಅಪ್ಪನ ಸರದಿಯ ದಿನ ನಾನೂ ಹೋದೆ. ಅಟ್ಟಣೆ ಮೇಲೆ ಕಂಬಳಿ ಹೊದ್ದು ಕೂತಿದ್ದಾಗ, ಕತ್ತಲಲ್ಲಿ ಮುಖ ಕಾಣುವುದಿಲ್ಲವಲ್ಲ ಎಂಬ ಧೈರ್ಯಕ್ಕೆ ಹೇಳಿಬಿಟ್ಟೆ. ಅವತ್ತು ಕ್ಲಾಸ್ ಇರಲಿಲ್ಲ, ಆಟ ಆಡ್ತಿದ್ದೆ ಎಂದು.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಗೊತ್ತಾಗಿತ್ತು ಬುಡು" ಅಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ದುಡ್ಡು ಕಟ್ಟೋ ಆಟನಾ?" ಎಂದು ಕೇಳಿದರು.

ಆ ಪ್ರಶ್ನೆಯ ಹಿಂದಿನ ಹೆದರಿಕೆ ನನಗೆ ಗೊತ್ತಿತ್ತು. ನಮ್ಮೂರಿನಲ್ಲೇ ಮೊಬೈಲ್‌ನಲ್ಲಿ ರಮ್ಮಿ ಆಡಿ ಬೈಕ್ ಮಾರಿದವರಿದ್ದಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಹಾಗೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿದೆ. ಡೋಟಾದಲ್ಲಿ ದುಡ್ಡಿಗೆ ಸಿಗುವುದು ಹೀರೋಗಳ ಬಣ್ಣಬಣ್ಣದ ಬಟ್ಟೆಬರೆ ಮಾತ್ರ, ಅದನ್ನು ಕೊಂಡರೆ ಒಂದು ಗುಲಗಂಜಿಯಷ್ಟೂ ಬಲ ಹೆಚ್ಚುವುದಿಲ್ಲ. ಆದರೂ ಕೊಳ್ಳುವವರಿದ್ದಾರೆ. ನಮ್ಮ ಬಳ್ಳಾರಿ ಮೆಸ್ ಬಿಲ್ ಬಾಕಿ ಇಟ್ಟುಕೊಂಡು ತನ್ನ ಹೀರೋಗೆ ಕೊಡಲಿ ಕೊಡಿಸಿದ್ದಾನೆ.

ಇಲ್ಲ ಎಂದೆ. "ಮತ್ತೆ ನಿಂದೇನು ಕೆಲ್ಸ ಅದ್ರಲ್ಲಿ?" ಅಂದರು.

ಇಲ್ಲಿ ನಿಮಗೂ ಒಂದು ವಿಷಯ ಹೇಳಬೇಕು. ಐವರಿಗೂ ಒಂದೊಂದು ಪಾತ್ರ ಇರುತ್ತದೆ, ಒಂದರಿಂದ ಐದರವರೆಗೆ ನಂಬರ್ ಇಟ್ಟು ಕರೆಯುತ್ತಾರೆ. ಒಂದನೆಯವನಿಗೆ ಚಿನ್ನದಲ್ಲಿ ದೊಡ್ಡ ಪಾಲು. ಕೊನೆಗೆ ಗೆಲ್ಲಿಸಬೇಕಾದವನೂ ಅವನೇ. ಐದನೆಯವನಿಗೆ ಎಲ್ಲರಿಗಿಂತ ಕಡಿಮೆ. ಅವನು ಬೇರೆಯವರು ಬೆಳೆಯುವ ಹಾಗೆ ನೋಡಿಕೊಳ್ಳಬೇಕು, ಏಟು ತಡೆಯಬೇಕು, ಮತ್ತು ವಾರ್ಡ್ ಇಡಬೇಕು. ಮ್ಯಾಪ್‌ನಲ್ಲಿ ನಮ್ಮವರು ಇಲ್ಲದ ಕಡೆಯೆಲ್ಲ ಮಬ್ಬು, ಏನೂ ಕಾಣುವುದಿಲ್ಲ. ಐದು ನಿಮಿಷ ಹಗಲಾದರೆ ಐದು ನಿಮಿಷ ರಾತ್ರಿ, ರಾತ್ರಿಯಲ್ಲಿ ಕಣ್ಣಳತೆ ಇನ್ನೂ ಕಡಿಮೆ. ಅಬ್ಸರ್ವರ್ ವಾರ್ಡ್ ಎಂಬ ಗೂಟವೊಂದನ್ನು ನೆಟ್ಟರೆ ಅದರ ಸುತ್ತಲಿನ ಜಾಗ ಆರು ನಿಮಿಷ ಕಾಣುತ್ತದೆ. ಹೊಸಬರಿಗೆ ಎಲ್ಲರೂ ಕೊಡುವ ಪಾತ್ರ ಇದು, ಯಾರಿಗೂ ಬೇಡವಾದ ಪಾತ್ರವೂ ಇದೇ. ನನ್ನದು ಇದೇ.

ಅಪ್ಪನಿಗೆ ಇಷ್ಟೆಲ್ಲ ಹೇಳಲು ಹೊರಟು, ಕೊನೆಗೆ, "ರಾತ್ರಿ ಅವರು ಎಲ್ಲಿಂದ ಬರ್ತಾರೆ ಅಂತ ನೋಡಿ ನಮ್ಮೋರಿಗೆ ಹೇಳೋದು" ಅಂದೆ.

"ಕಾವ್ಲು ಅನ್ನು" ಅಂದರು ಅಪ್ಪ.

ಆಮೇಲೆ ಅವರೇ ಕೇಳತೊಡಗಿದರು. ಎಲ್ಲಿ ಇಡ್ತೀಯ? ನಮ್ಮ ಗೋಪುರದ ಪಕ್ಕದಲ್ಲಿ ಎಂದೆ. ಅಪ್ಪ ನಕ್ಕರು. "ಗದ್ದೆಗೆ ಬಂದ್ಮೇಲೆ ಆನೆ ಕಂಡ್ರೆ ಏನ್ ಮಾಡ್ತೀಯ, ಕೈ ಮುಗೀತೀಯ? ಹಳ್ಳ ದಾಟೋ ಕಡೆ ಕಾಣ್ಬೇಕು." ಟಾರ್ಚ್ ಬಿಟ್ಟು ತೋರಿಸಿದರು. ನಮ್ಮ ಅಟ್ಟಣೆ ಇರುವುದು ಗದ್ದೆಯ ನಡುವೆ ಅಲ್ಲ, ತೋಟ ಮುಗಿದು ಹಳ್ಳ ಶುರುವಾಗುವ ಏರಿನ ಮೇಲೆ. ಹುಟ್ಟಿದಾಗಿನಿಂದ ನೋಡಿದ್ದೆ, ಯಾಕೆ ಅಲ್ಲೇ ಎಂದು ಒಂದು ದಿನವೂ ಕೇಳಿರಲಿಲ್ಲ. "ಇನ್ನೊಂದು. ದಿನಾ ಒಂದೇ ಜಾಗದಲ್ಲಿ ಪಟಾಕಿ ಹೊಡೆದ್ರೆ ಆನೆಗೂ ಗೊತ್ತಾಯ್ತದೆ, ಬಳಸ್ಕೊಂಡು ಬರ್ತದೆ." ಡೋಟಾದಲ್ಲಿ ಸೆಂಟ್ರಿ ಎಂಬ ಇನ್ನೊಂದು ಗೂಟ ಇದೆ, ಎದುರಿನವರು ಅಡಗಿಸಿಟ್ಟ ವಾರ್ಡ್ ಅನ್ನು ಅದು ಬಯಲು ಮಾಡುತ್ತದೆ. ನಾನು ಪ್ರತಿ ಮ್ಯಾಚ್‌ನಲ್ಲೂ ಅದೇ ನಾಲ್ಕು ಜಾಗದಲ್ಲಿ ವಾರ್ಡ್ ಇಟ್ಟು, ಅವರು ಅದನ್ನು ಕಿತ್ತು ಬಿಸಾಡಿ, ನಾವು ಕುರುಡರಾಗಿ ಸಾಯುತ್ತಿದ್ದೆವು.

"ಎಷ್ಟೊತ್ತು ಇರ್ತದೆ ನಿನ್ ಕಾವ್ಲು?"

"ಆರು ನಿಮಿಷ."

"ಅಷ್ಟೇನಾ!" ಅಂದರು. ಆ ರಾತ್ರಿ ನಾವು ಎಂಟು ಗಂಟೆ ಕೂತಿದ್ದೆವು. ಆನೆ ಬರಲಿಲ್ಲ. ಎರಡು ಕಿಲೋಮೀಟರ್ ಆಚೆ ಬೇರೊಬ್ಬರ ಗದ್ದೆಗೆ ಹೋಗಿತ್ತು ಎಂದು ಬೆಳಿಗ್ಗೆ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಫೋಟೊ ಬಂತು.

ಹಾಸ್ಟೆಲ್‌ಗೆ ವಾಪಸಾದ ಮೇಲೆ ನಾಲ್ವರಿಗೂ ನಡೆದದ್ದನ್ನು ಹೇಳಿ, ಶನಿವಾರ ಎರಡು ಮ್ಯಾಚ್ ಮಾತ್ರ ಬರುತ್ತೇನೆ, ಬೇಡವಾದರೆ ಬೇರೆಯವರನ್ನು ನೋಡಿಕೊಳ್ಳಿ ಅಂದೆ. ಗದಗ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು, "ನಮ್ಮಪ್ಪ ಬಂದಿದ್ರ ಗೇಟ್ ಮುರ್ದ್ ಒಳಗ ಬರ್ತಿದ್ದ" ಎಂದಷ್ಟೇ ಹೇಳಿ ತಲೆ ಕೆರೆದುಕೊಂಡ. ಆಟವನ್ನು ಮತ್ತೆ ಮೂರು ರಾತ್ರಿ ಡೌನ್‌ಲೋಡ್ ಮಾಡಿದೆ.

ಎರಡು ಎಂದರೆ ಎರಡೇ ಇರಬೇಕು, ಅದರಲ್ಲೂ ಸೋತ ಮೇಲೆ ಇನ್ನೊಂದು ಬೇಡ. ಸೋತ ಸಿಟ್ಟಿನಲ್ಲಿ ಶುರು ಮಾಡಿದ ಮ್ಯಾಚ್ ಅನ್ನು ನಾವು ಗೆದ್ದದ್ದು ನನಗೆ ನೆನಪಿಲ್ಲ, ಅಂಥ ರಾತ್ರಿಗಳ ಮಾರನೇ ದಿನದ ಮೊದಲ ಪೀರಿಯಡ್ ಕೂಡ ನೆನಪಿಲ್ಲ. ಮೊದಲ 100 ಗಂಟೆ ಆಡುವವರೆಗೆ ಆಟವೇ ನಿಮ್ಮನ್ನು ರ್‍ಯಾಂಕ್ ಮ್ಯಾಚ್‌ಗೆ ಬಿಡುವುದಿಲ್ಲ. ಇದನ್ನು ತೊಂದರೆ ಎಂದು ಬೈಯುವವರಿದ್ದಾರೆ. ನನಗೆ ಆ ನೂರು ಗಂಟೆ ಎರಡನೇ ಸಲ ಆಡಿದಾಗಲೇ ಆಟ ರುಚಿಸಿದ್ದು, ಅಂಕಕ್ಕೆ ಯಾರೂ ಬಡಿದಾಡುತ್ತಿರಲಿಲ್ಲ.

ಇದರಿಂದ ಕೆಲಸ ಸಿಗುತ್ತದಾ ಎಂದು ಜೂನಿಯರ್‌ಗಳು ಕೇಳುತ್ತಾರೆ. ದಿ ಇಂಟರ್‌ನ್ಯಾಷನಲ್ ಎಂಬ ಇದರ ವಿಶ್ವ ಟೂರ್ನಿಯ ಬಹುಮಾನ 2021ರಲ್ಲಿ 4 ಕೋಟಿ ಡಾಲರ್ ದಾಟಿತ್ತು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಡೋಟಾ 2 ತಂಡ ಕಂಚು ಗೆದ್ದಿತು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದು ಪದಕದ ಆಟವೂ ಆಗಿತ್ತು. ಇದೆಲ್ಲ ನಿಜ. ಹಾಗೆಯೇ ನಮ್ಮ ಹಾಸ್ಟೆಲಿನಲ್ಲಿ ಅಷ್ಟು ಚೆನ್ನಾಗಿ ಆಡುವವರು ಯಾರೂ ಇಲ್ಲ ಎಂಬುದೂ ನಿಜ, ದಿನಕ್ಕೆ ಹತ್ತು ಗಂಟೆ ಆಡುವವರಿದ್ದಾರೆ ಎಂಬುದೂ ನಿಜ. ಪ್ಲೇಸ್‌ಮೆಂಟ್‌ಗೆ ಓದುವವರು ಓದಲಿ. ನನಗೆ ಸಿಕ್ಕಿದ್ದು ಚಿಕ್ಕದು. ಮೈಕ್ ಹಾಕಿಕೊಂಡು "ಮಿಡ್ ಮಿಸ್ಸಿಂಗ್, ಮೂರು ಜನ ನದಿ ದಾಟ್ತಿದ್ದಾರೆ, ಹಿಂದೆ ಬನ್ನಿ" ಎಂದು ಎರಡು ಸೆಕೆಂಡಿನಲ್ಲಿ ಹೇಳಿ ರೂಢಿಯಾದವನಿಗೆ, ಕಳೆದ ತಿಂಗಳ ಸೆಮಿನಾರ್‌ನಲ್ಲಿ ಮೊದಲ ಸಲ ಕಾಲು ನಡುಗಲಿಲ್ಲ. ಮ್ಯಾಥ್ಸ್ ಪಾಸಾಯಿತು, ಜಸ್ಟ್.

ಮೊನ್ನೆಯ ಶನಿವಾರ ಕ್ರಿಸ್ಟಲ್ ಮೇಡನ್ ಆಡಿದೆ. ನಿಧಾನ ನಡೆಯುವವಳು, ಒಂದು ಏಟಿಗೆ ಬೀಳುವವಳು, ಆದರೆ ಅವಳಿದ್ದರೆ ಜೊತೆಯವರಿಗೆಲ್ಲ ಮಂತ್ರಶಕ್ತಿ ಬೇಗ ತುಂಬುತ್ತದೆ. 2 ಕೊಂದೆ, 9 ಸಲ ಸತ್ತೆ, ವಾರ್ಡ್ ಹತ್ತೊಂಬತ್ತು. ಗೆದ್ದೆವು. ಗೋಡೆಯ 0-17ರ ಕೆಳಗೆ ಗದಗ ಅದನ್ನೂ ಬರೆದಿದ್ದಾನೆ, ವಾರ್ಡ್ ಲೆಕ್ಕ ಮಾತ್ರ.

ಆಟಕ್ಕೆ ಕೂರುವ ಮೊದಲು ಈಗ ಮನೆಗೆ ಫೋನ್ ಮಾಡುತ್ತೇನೆ. ಅವತ್ತೂ ಮಾಡಿದೆ. "ಅಪ್ಪ, ಇನ್ನೊಂದೂವರೆ ಗಂಟೆ ಫೋನ್ ಎತ್ತಲ್ಲ. ಏನಾದ್ರೂ ಇದ್ರೆ ಶಿರಸಿ ನಂಬರ್‌ಗೆ ಮಾಡಿ, ಅವ್ನು ಈ ವಾರ ಆಡ್ತಿಲ್ಲ."

"ಕಾವ್ಲಿಗಾ?" ಅಂದರು. "ಸರಿ, ಹೋಗು. ಹಳ್ಳದ ಕಡೆ ನೋಡ್ಕೊ."